ನಾಯಕರನ್ನು ತಯಾರು ಮಾಡುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸಭಾಪಾಲಕರು, ಹಿರಿಯರು, ಯೌವನಸ್ಥರ ಕೂಟ ಮತ್ತು ಸಂಡೇ ಸ್ಕೂಲಿನ ಹೊಣೆ ಹೊತ್ತವರ ಗಮನಕ್ಕೆ.

2 ತಿಮೊಥೆ 2:2ರಲ್ಲಿ ನಾಲ್ಕು ತಲೆಮಾರಿದೆ: ಪೌಲ, ತಿಮೊಥೆ, ನಂಬಿಗಸ್ತರು, ಅವರಿಂದ ಕಲಿಯುವವರು. ನಿಮ್ಮಲ್ಲಿ ಕೆಲಸ ಎರಡನೆಯವರಲ್ಲೇ ನಿಂತಿದ್ದರೆ, ನಿಮಗೆ ವರ್ಗವಾದ ದಿನವೇ ಸಭೆ ಒಡೆಯಲು ಶುರುವಾಗುತ್ತದೆ.

ಮಾಡಬೇಕಾದ್ದು

ಇಬ್ಬರು ಮೂವರನ್ನು ಮಾತ್ರ ಆರಿಸಿಕೊಳ್ಳಿ.

ಆರಿಸುವ ಮೊದಲು ಅವರ ಮನೆಯವರನ್ನೂ ಕೆಲಸದ ಜಾಗದವರನ್ನೂ ವಿಚಾರಿಸಿ. 1 ತಿಮೊಥೆ 3ರ ಪಟ್ಟಿಯಲ್ಲಿ ಬಹುಪಾಲು ನಡತೆಯ ಮಾತೇ. ಬೋಧಿಸುವ ಶಕ್ತಿ ಅದರಲ್ಲಿ ಒಂದು ಅಷ್ಟೆ.

ಹೆಣ್ಣುಮಕ್ಕಳನ್ನೂ ಆರಿಸಿ. ಅಪೊಲ್ಲೋಸನನ್ನು ತಿದ್ದಿದ ಇಬ್ಬರಲ್ಲಿ ಪ್ರಿಸ್ಕಿಲ್ಲ ಒಬ್ಬಳು.

ಆಸ್ಪತ್ರೆಗೆ, ಸಾವಿನ ಮನೆಗೆ, ಹಿರಿಯರ ಸಭೆಗೆ ಜೊತೆಯಲ್ಲಿ ಕರೆದೊಯ್ಯಿರಿ.

ಮೊದಲು ಮಾಡಿ ತೋರಿಸಿ.

ಆಮೇಲೆ ಅವರಿಂದ ಮಾಡಿಸಿ.

ನಂತರ ಜಾಗ ಖಾಲಿ ಮಾಡಿ. ಹೆಚ್ಚಿನವರು ಸೋಲುವುದು ಇಲ್ಲೇ. ಪ್ರಾರ್ಥನಾ ಕೂಟವನ್ನು ಒಪ್ಪಿಸಿ ಮುಂದಿನ ಸಾಲಿನಲ್ಲಿ ನೀವೇ ಕೂತರೆ, ನಡೆಸುವವರು ವಾಕ್ಯಕ್ಕೊಮ್ಮೆ ನಿಮ್ಮ ಮುಖ ನೋಡುತ್ತಾರೆ, ಬಂದವರೂ ನಿಮ್ಮನ್ನೇ ನೋಡುತ್ತಾರೆ. ಆ ಸಂಜೆ ಬೇರೆ ಊರಿಗೆ ಹೋಗಿ.

ಪ್ರಸಂಗದ ತಪ್ಪನ್ನು ಅದೇ ವಾರ, ಬೇರೆಯವರಿಲ್ಲದಾಗ ಹೇಳಿ.

ಕಾಣಿಕೆ ಎಣಿಸಲು ಒಂದೇ ಮನೆಯವರಲ್ಲದ ಇಬ್ಬರನ್ನು ಕೂರಿಸಿ.

ನೀವು ತಯಾರು ಮಾಡಿದವರನ್ನು "ನೀವು ಯಾರನ್ನು ತಯಾರು ಮಾಡುತ್ತಿದ್ದೀರಿ?" ಎಂದು ಕೇಳಿ. ಹೆಸರು ಬಾರದಿದ್ದರೆ ಹೊಸ ಜವಾಬ್ದಾರಿ ತಡೆಹಿಡಿಯಿರಿ.

ಮಾಡಬಾರದ್ದು

ಹೊಸದಾಗಿ ನಂಬಿಕೆಗೆ ಬಂದವರಿಗೆ ಹಿರಿಯರ ಸ್ಥಾನ ಬೇಡ.

ಹಸ್ತವಿಟ್ಟು ನೇಮಿಸಲು ಅವಸರ ಬೇಡ.

ಮಗ, ಅಳಿಯ ಎಂಬ ಒಂದೇ ಕಾರಣಕ್ಕೆ ಸಭೆಯನ್ನು ಒಪ್ಪಿಸಬಾರದು.

ವರ್ಷಗಟ್ಟಲೆ ಕಾರು ಓಡಿಸಲು ಹೇಳಿ, ಕುರ್ಚಿ ಹಾಕಿಸಿ, ಅದನ್ನು ತರಬೇತಿ ಎನ್ನಬಾರದು.

"ದೇವರು ನನಗೆ ಹೇಳಿದ್ದಾರೆ" ಎಂದು ಅವರ ಮದುವೆ, ನೌಕರಿಯಲ್ಲಿ ಕೈಹಾಕಬಾರದು.

ನಂಬಿ ಹೇಳಿಕೊಂಡದ್ದನ್ನು ಪ್ರಸಂಗಕ್ಕೆ ಉದಾಹರಣೆ ಮಾಡಬಾರದು. ಪ್ರಾರ್ಥನಾ ವಿಷಯದ ಹೆಸರಿನಲ್ಲಿ ವಾಟ್ಸಾಪ್ ಗುಂಪಿಗೆ ಹಾಕುವುದೂ ಬೇಡ.

ಅಪ್ರಾಪ್ತರ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತುಕತೆ ಬೇಡ. ಯಾರೇ ಆಗಲಿ, ಎಷ್ಟೇ ಹಿರಿಯರಾಗಲಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಸಭೆಯೊಳಗೆ ರಾಜಿ ಮಾಡಬಾರದು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟವರೂ ಜೈಲಿಗೆ ಹೋಗಬಹುದು. ಮಕ್ಕಳ ಸಹಾಯವಾಣಿ 1098.

ಹೆದರಿ ಅರ್ಧದಲ್ಲಿ ಬಿಟ್ಟು ಹೋದವರನ್ನು ಶಾಶ್ವತವಾಗಿ ಹೊರಗಿಡಬಾರದು. ಪಂಫುಲ್ಯದಲ್ಲಿ ಬಿಟ್ಟು ಹೋಗಿದ್ದ ಮಾರ್ಕನನ್ನು ಪೌಲ ಬೇಡವೆಂದ, ಬಾರ್ನಬ ಜೊತೆಗೆ ಕರೆದುಕೊಂಡ. ಕೊನೆಗೆ ಪೌಲನೇ ಅವನನ್ನು ಕರೆತರಲು ಬರೆದ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರಿಗೆ ಈ ಉದಾಹರಣೆಯ ಆಸರೆ ಕೊಡಬೇಡಿ. ಅವರಿಗೆ ಮತ್ತೆ ಯಾವ ಹೊಣೆಯೂ ಬೇಡ.

ಒಪ್ಪಿಸಿದ ಸಭೆಯ ವಿಶ್ವಾಸಿಗಳು ದೂರು ಹೇಳಲು ನಿಮಗೆ ಫೋನ್ ಮಾಡುತ್ತಾರೆ, ಖಂಡಿತ ಮಾಡುತ್ತಾರೆ. ತೀರ್ಪು ಕೊಡುವುದು ಬೇಡ. ದೂರು ಹಣದ್ದೋ ನಡತೆಯದ್ದೋ ಆದರೆ ಹಿರಿಯರ ಮುಂದಿಡಲು ಹೇಳಿ. ಉಳಿದದ್ದಕ್ಕೆ ಅಲ್ಲಿನ ನಾಯಕರ ಬಳಿಯೇ ಕಳಿಸಿ.