ನಿರಾಶ್ರಿತರ ಛಾಯಾಚಿತ್ರಗಳನ್ನು ನೋಡುವ ಬಗೆ

ನೆಲೆ ತಪ್ಪಿ ಬಂದವರನ್ನು ನಾವು ನಿರಾಶ್ರಿತರೆನ್ನುತ್ತೇವೆ, ಹಿಂದಿಯವರು ಶರಣಾರ್ಥಿಗಳೆನ್ನುತ್ತಾರೆ. (ನಮ್ಮಲ್ಲಿ ‘ಶರಣು ಶರಣಾರ್ಥಿ’ ಎಂಬುದು ವಂದನೆಯ ಮಾತಾಗಿರುವುದು ಸೋಜಿಗವೇ ಸರಿ.) ಮೊದಲನೆಯ ಪದವು ಅವರು ಕಳೆದುಕೊಂಡುದನ್ನು ಹೇಳುವುದು, ಎರಡನೆಯದು ಅವರು ಬೇಡುತ್ತಿರುವುದನ್ನು. ಅವರನ್ನು ಕುರಿತ ಛಾಯಾಚಿತ್ರಗಳಲ್ಲಿ ಹೆಚ್ಚಿನವು ಮೊದಲನೆಯದನ್ನಷ್ಟೇ ತೋರಿಸುತ್ತವೆಂದು ನನ್ನ ಅಭಿಪ್ರಾಯ.

ದಾಖಲೆಯ ಛಾಯಾಚಿತ್ರವೆಂದರೆ, ನಡೆದುದನ್ನು ನಡೆದಂತೆ ತೋರಿಸುವೆನೆಂದು ನೋಡುವವನಿಗೆ ಕೊಟ್ಟ ಒಂದು ಮಾತು. ಚಿತ್ರದೊಳಗಿರುವವನಿಗೆ ಯಾವ ಮಾತು ಕೊಟ್ಟಂತಾಯಿತು? ವಿಚಾರ ಮಾಡಬೇಕಾದುದು ಇದನ್ನೇ.

1947ರ ದೇಶವಿಭಜನೆಯಲ್ಲಿ 1 ಕೋಟಿಗೂ ಮೀರಿ ಜನ ಗಡಿ ದಾಟಿದರು. ಪಂಜಾಬಿನಿಂದ ಇಷ್ಟು ದೂರದಲ್ಲಿರುವ ನಮಗೆ ಆ ವಲಸೆಯ ರೂಪವನ್ನು ತಂದುಕೊಟ್ಟವರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಮುಖ್ಯಳು. ಗಾಂಧೀಜಿಯವರನ್ನು ಚರಕದೊಡನೆ 1946ರಲ್ಲಿ ಚಿತ್ರಿಸಿದವಳೂ ಈಕೆಯೇ. ದೆಹಲಿಯ ಪುರಾನಾ ಕಿಲಾದಲ್ಲಿ ಅವಳು ತೆಗೆದ ಒಂದು ಚಿತ್ರವುಂಟು. ಗೋಡೆಯ ಮೇಲೆ ಒಬ್ಬ ಹುಡುಗ ತಲೆಗೆ ಕೈಹೊತ್ತು ಕುಳಿತಿದ್ದಾನೆ. ಕೆಳಗೆ ಶಿಬಿರ ಹರಡಿದೆ. ಅಳುವವರು ಯಾರೂ ಕಾಣರು. ಆದರೂ ಆ ಗುಂಪಿನಲ್ಲಿ ಹುಡುಗನು ಎಷ್ಟು ಒಂಟಿಯೆಂಬುದು ತಾನಾಗಿ ತಿಳಿಯುತ್ತದೆ.

ಅವಳ ವಲಸೆಯ ಚಿತ್ರಗಳಿಗೆ ಇನ್ನೊಂದು ಮುಖವಿದೆ. ಜೊತೆಯಲ್ಲಿದ್ದ ವರದಿಗಾರ್ತಿ ಲೀ ಐಟಿಂಗನ್ ಮುಂದೆ ಹೇಳಿದಂತೆ, ಚಿತ್ರ ಸರಿಯಾಗಿ ಬರಲೆಂದು ದಣಿದ ಜನರನ್ನು ಹಿಂದಕ್ಕೆ ಕಳುಹಿಸಿ ಮತ್ತೆ ಮತ್ತೆ ನಡೆಸಲಾಯಿತು. ಅಲ್ಲವೆನ್ನಲು ಅವರಿಗೆ ಭಯ. ಇದನ್ನು ತರಗತಿಯಲ್ಲಿ ಹೇಳಿದಾಗ, ಹಾಗಾದರೆ ಚಿತ್ರ ಸುಳ್ಳೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಸುಳ್ಳೆನ್ನಲಾರೆ. ಆ ಕಾಲುಗಳ ದಣಿವು ನಿಜ; ಆ ದಣಿವಿಗೆ ಒಂದು ಪಾಲನ್ನು ಕ್ಯಾಮರಾವೂ ಕೂಡಿಸಿತ್ತೆಂಬುದೂ ನಿಜ. ಚಿತ್ರವನ್ನು ಎಸೆಯಬೇಕಾದುದಿಲ್ಲ, ಎರಡನ್ನೂ ತಿಳಿದು ನೋಡತಕ್ಕದ್ದು.

ನಮ್ಮ ಕಾಲದ ದಾನಿಷ್ ಸಿದ್ದಿಕಿಯ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 2017ರಲ್ಲಿ ದೋಣಿಯಿಂದ ಬಾಂಗ್ಲಾದೇಶದ ದಡಕ್ಕೆ ಇಳಿದ ರೋಹಿಂಗ್ಯಾ ಹೆಂಗಸೊಬ್ಬಳು ಬಗ್ಗಿ ನೆಲವನ್ನು ಮುಟ್ಟುತ್ತಿದ್ದಾಳೆ. ಆಶ್ರಯ ಬೇಡುವುದೆಂದರೇನೆಂಬುದು ಆ ಒಂದು ಕೈಯಲ್ಲಿದೆ. ಈ ಚಿತ್ರಮಾಲೆಗಾಗಿ ರಾಯಿಟರ್ಸ್ ಛಾಯಾಗ್ರಾಹಕರಿಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಸಿದ್ದಿಕಿ 2021ರಲ್ಲಿ ಆಫ್ಘಾನಿಸ್ತಾನದ ಯುದ್ಧವನ್ನು ವರದಿ ಮಾಡುತ್ತಿದ್ದಾಗ ಹತನಾದ.

ಎಲ್ಲಕ್ಕಿಂತ ಹೆಸರಾದ ಚಿತ್ರವಾದರೋ ಶರ್ಬತ್ ಗುಲಾಳದು. 1984ರಲ್ಲಿ ಪೇಶಾವರದ ಬಳಿಯ ನಾಸಿರ್ ಬಾಗ್ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದುದು. 1985ರ ಜೂನ್ ತಿಂಗಳ ‘ನ್ಯಾಷನಲ್ ಜಿಯೊಗ್ರಾಫಿಕ್’ನ ಮುಖಪುಟಕ್ಕೆ ಬಂದಿತು. ಹಸಿರು ಕಣ್ಣುಗಳ ಆ ನೋಟವನ್ನು ಲೋಕವೆಲ್ಲ ಕಂಡಿತು, ಹೆಸರನ್ನು ಮಾತ್ರ ಅರಿಯದು. 2002ರಲ್ಲಿ ಅವಳನ್ನು ಹುಡುಕಿ, ಕಣ್ಣಿನ ವರ್ಣಪಟಲದ ಗೆರೆಗಳನ್ನು ಹಳೆಯ ಚಿತ್ರದೊಡನೆ ಹೋಲಿಸಿ ಗುರುತು ಹಿಡಿದರು. ಅಂದು ತನಗೆ ಸಿಟ್ಟು ಬಂದಿತ್ತೆಂದು ಅವಳು ಹೇಳಿದಳು. ಹದಿನೇಳು ವರ್ಷ ಆ ಕಣ್ಣುಗಳಲ್ಲಿ ಭಯವನ್ನೋ ಸೌಂದರ್ಯವನ್ನೋ ಓದಿದವರು ಬಹಳ. ಅಪರಿಚಿತನೊಬ್ಬನ ಎದುರು ನಿಲ್ಲಿಸಿದ್ದಕ್ಕೆ ಬಂದ ಕೋಪವೆಂದು ಊಹಿಸಿದವರು ವಿರಳ.

ಅಷ್ಟು ಪ್ರಸಿದ್ಧವಾದ ಮುಖವೂ ಅವಳಿಗೆ ಕಾಗದಪತ್ರವಾಗಿ ಒದಗಲಿಲ್ಲ. ಸುಳ್ಳು ಗುರುತಿನ ಚೀಟಿಯ ಆರೋಪದ ಮೇಲೆ 2016ರಲ್ಲಿ ಪಾಕಿಸ್ತಾನದಲ್ಲಿ ಅವಳನ್ನು ಬಂಧಿಸಿ, ಆಫ್ಘಾನಿಸ್ತಾನಕ್ಕೆ ಕಳುಹಿಸಿದರು. ಅಲ್ಲಿ ತಾಲಿಬಾನರು ಅಧಿಕಾರಕ್ಕೆ ಮರಳಿದ ಮೇಲೆ, 2021ರ ನವೆಂಬರಿನಲ್ಲಿ, ಇಟಲಿಯು ಅವಳನ್ನು ಬರಮಾಡಿಕೊಂಡಿತು. ಮುಖಪುಟವಾಗಿ ಮೂವತ್ತಾರು ವರ್ಷಗಳಾಗಿದ್ದುವು.