ಬೋನಸ್ ಗೆರೆಗೆ ಒಂಟಿಕಾಲು

ಕಬಡ್ಡಿಯ ಬೋನಸ್ ಅಂಕ ಒಂಟಿಕಾಲಿನ ಮೇಲೆ ಸಿಗುವಂಥದ್ದು. ಎದುರು ಆರು ಅಥವಾ ಹೆಚ್ಚು ಜನ ಇರುವಾಗ ರೈಡರ್ ಒಂದು ಪಾದವನ್ನು ಬೋನಸ್ ಗೆರೆಯಾಚೆ ಊರಬೇಕು. ಆಗ ಹಿಂದಿನ ಪಾದ ನೆಲ ಬಿಟ್ಟಿರಬೇಕು. ಇಡೀ ಮೈಭಾರ ಒಂದೇ ಕೀಲಿನ ಮೇಲೆ. ಹುಡಗಿ ಎಂಬ ಊರಿನಲ್ಲಿ ಆಡಿ ಬೆಳೆದು, ಈಗ ಮಕ್ಕಳನ್ನು ಆಡಿಸುತ್ತಿರುವ ನಾನು ಕಂಡಂತೆ ಕಾಲು ಹೆಚ್ಚಾಗಿ ಉಳುಕುವುದು ಇಲ್ಲೇ, ಇಲ್ಲವೇ ಗಕ್ಕನೆ ಹಿಂದಿರುಗುವಾಗ.

ನೆಲದ ಪಾಲೂ ಇದೆ. ನಮ್ಮ ಕಡೆಯ ಕಪ್ಪು ಮಣ್ಣು ಬೇಸಿಗೆಗೆ ಬಿರಿಯುತ್ತದೆ. ತೊಗರಿ ಕೊಯ್ದ ಹೊಲದಲ್ಲಿ ಅಂಕಣ ಹಾಕಿದರೆ ಕೂಳೆ ಉಳಿದಿರುತ್ತದೆ. ಹಾಗೆಂದು ಮ್ಯಾಟ್ ಸುರಕ್ಷಿತ ಎನ್ನುವಂತಿಲ್ಲ. ಮಣ್ಣಿನಲ್ಲಿ ಬರಿಗಾಲು ತುಸು ಜಾರಿ ಭಾರ ಇಳಿಸುತ್ತದೆ. ಮ್ಯಾಟ್ ಮೇಲೆ ಬೂಟು ಹಿಡಿದು ನಿಲ್ಲುತ್ತದೆ, ಮೈ ತಿರುಗುತ್ತದೆ. ಪಾದ ಒಳಕ್ಕೆ ಹೊರಳಿ ಹೊರಬದಿಯ ಅಸ್ಥಿರಜ್ಜು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ.

ಕಾಲು ಉಳುಕಿದೊಡನೆ ಹಿರಿಯರ ಮಾತು ಸಿದ್ಧ: “ಎಣ್ಣಿ ಹಚ್ಚಿ ಗಟ್ಟಿ ತಿಕ್ಕೋ, ನಾಳಿಗಿ ನೆಟ್ಟಗ ಆಗ್ತದ.” ಮೊದಲ ಒಂದೆರಡು ದಿನ ತಿಕ್ಕಿದರೆ ಬಾವು ಏರುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕ್ರೇಪ್ ಬ್ಯಾಂಡೇಜ್, ದಿಂಬಿನ ಮೇಲೆ ಕಾಲು, ಇಷ್ಟು ಸಾಕು. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಕೀಲಿನ ಎಡಬಲದ ಎಲುಬನ್ನು ಒತ್ತಿದರೆ ನೋವಾದರೆ, ಎಕ್ಸ್‌ರೇ ತೆಗೆಸಲೇಬೇಕು.

ಬಾವು ಇಳಿದ ಮೇಲೆ ಬರುವುದೇ ನಿಜವಾದ ಅಪಾಯ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಹೆಚ್ಚು. ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಅಸ್ಥಿರಜ್ಜುಗಳಲ್ಲೂ ಇರುತ್ತವೆ. ಪೆಟ್ಟು ಅವಕ್ಕೂ ತಾಗುತ್ತದೆ. ಸುದ್ದಿ ತಡವಾದರೆ ಮೊಣಕಾಲ ಕೆಳಗಿನ ಹೊರಬದಿಯ ಸ್ನಾಯುಗಳು ಪಾದವನ್ನು ಹಿಡಿದೆತ್ತುವಷ್ಟರಲ್ಲಿ ಅದು ಹೊರಳಿರುತ್ತದೆ. ಆದ್ದರಿಂದ ನೋವಿಲ್ಲ ಎಂಬ ಮಾತನ್ನು ನಾನು ನೆಚ್ಚುವುದಿಲ್ಲ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿಸುತ್ತೇನೆ. ಚೆನ್ನಾಗಿರುವ ಕಾಲಿನಷ್ಟೇ ಹೊತ್ತು ಅದೂ ನಿಂತರೆ, ಕುಂಟುತ್ತ ಜಿಗಿದರೂ ಕೀಲು ವಾಲದಿದ್ದರೆ, ಆಮೇಲೆ ಆಟ.

ಇದೇ ಪರೀಕ್ಷೆಯನ್ನು ನಾವು ದಿನದ ತಾಲೀಮಾಗಿಸಿದೆವು. ಮೊದಲು ಬರಿಗಾಲಲ್ಲಿ ಒಂದೊಂದು ಕಾಲಿಗೆ 30 ಸೆಕೆಂಡು. ಅದು ಹಗುರವಾದಾಗ ಕಣ್ಣು ಮುಚ್ಚುವುದು. ಬಳಿಕ ಕಣ್ಣು ತೆರೆದು ಚೆಂಡು ಹಿಡಿಯುವುದು, ಜೊತೆಗಾರ ಭುಜವನ್ನು ಮೆಲ್ಲಗೆ ತಳ್ಳುವುದು. ಕೊನೆಗೆ ಬೋನಸ್ ಹೆಜ್ಜೆ ಹಾಕಿ ಅಲ್ಲೇ ತಡೆದು ನಿಲ್ಲುವುದು.

ಈ ಕೊನೆಯದನ್ನು ತಿದ್ದಲು ನೆರವಾದದ್ದು ಫೆನ್ಸಿಂಗ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆನ್ನೈನ ಭವಾನಿ ದೇವಿ ಆಡಿದರು. ಒಲಿಂಪಿಕ್ಸ್ ಅಂಗಳಕ್ಕಿಳಿದ ಭಾರತದ ಮೊದಲ ಫೆನ್ಸರ್ ಅವರು. ಎಲ್ಲರೂ ಕತ್ತಿ ನೋಡಿದರೆ ನಾನು ಪಾದ ನೋಡಿದೆ. ಮುನ್ನುಗ್ಗುವ ಫೆನ್ಸರ್‌ನ ಮುಂಗಾಲಿನ ಹಿಮ್ಮಡಿ ಮೊದಲು ಊರುತ್ತದೆ. ಮಂಡಿಯೂ ಬೆರಳುಗಳೂ ಒಂದೇ ದಿಕ್ಕಿಗಿರುತ್ತವೆ. ಮಂಡಿ ಒಳಕ್ಕೆ ವಾಲಿತೋ ಕೀಲು ಸಿಕ್ಕಿಬಿತ್ತು. ಹಿಮ್ಮಡಿಯ ಪಾಠ ಅವರ ಆಟದ್ದು; ಮಂಡಿಯ ಪಾಠ ನಮಗೂ ಸಲ್ಲುತ್ತದೆ.

ಪಟ್ಟಿ, ಆಂಕ್ಲೆಟ್ ಬೇಡವೆನ್ನುವುದಿಲ್ಲ. ಹಳೆಯ ಉಳುಕಿಗೆ ಅವು ಆಸರೆ. ಆದರೆ ಅವನ್ನು ಕೊಳ್ಳಲು ದುಡ್ಡು ಬೇಕು, ಒಂಟಿಕಾಲಲ್ಲಿ ನಿಲ್ಲಲು ಬೇಡ. ಬೇಕಾದದ್ದು ತಾಳ್ಮೆ, ಮಕ್ಕಳಲ್ಲಿ ಇಲ್ಲದ್ದೂ ಅದೇ. ಹಾಗಾಗಿ ಒಂದು ಕಟ್ಟಳೆ ಮಾಡಿದ್ದೇವೆ: ಕಣ್ಣು ಮುಚ್ಚಿ ಕೊನೆಯವರೆಗೆ ನಿಂತವರಿಗೆ ಆ ದಿನದ ಮೊದಲ ರೈಡ್. ಈಗ ಈ ತಾಲೀಮಿಗೆ ಯಾರೂ ತಡವಾಗಿ ಬರುವುದಿಲ್ಲ.