ಹಳೇ ಮೀನುದೋಣಿ ಒಡೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸಾಂಗಲಿ–ಮಿರಜದ ಕೃಷ್ಣಾ ದಂಡೆಯ ಮೀನುಗಾರರು, ಗುಜರಿ ಅಂಗಡಿಯವರು, ಗ್ಯಾಸ್ ಕಟಿಂಗ್ ಕೆಲಸಗಾರರಿಗೆ

2019ರ ಆಗಸ್ಟ್ 8ರಂದು ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿತು. ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಮಿತಿಮೀರಿ ಜನ ಹತ್ತಿದ್ದರು. ಆ ನೆರೆಯಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮುಟ್ಟಿತ್ತು; ಅಪಾಯದ ಮಟ್ಟ 45. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕ ದೋಣಿಯನ್ನು ಜನ ಹತ್ತುತ್ತಾರೆ, ತಳದ ತುಕ್ಕು ಯಾರೂ ನೋಡುವುದಿಲ್ಲ. ಕೆಟ್ಟ ದೋಣಿಯನ್ನು ಮಳೆಗಾಲಕ್ಕೆ ಮೊದಲೇ ಒಡೆಯಿರಿ.

ಹಡಗು ಒಡೆಯುವುದರ ಕುರಿತ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್ 26ರಿಂದ ಜಾರಿಯಲ್ಲಿದೆ. ಅದು 500 ಗ್ರಾಸ್ ಟನ್ನಿಗಿಂತ ಚಿಕ್ಕ ಹಡಗಿಗೆ ಅನ್ವಯಿಸುವುದಿಲ್ಲ. ನಿಮ್ಮ ದೋಣಿಯ ಮೇಲೆ ಕಣ್ಣಿಡುವವರು ನೀವೇ.

ಮಾಡಬೇಕಾದ್ದು

ದೋಣಿಯನ್ನು ನೀರಿನಿಂದ ಪೂರ್ತಿ ಮೇಲೆಳೆದು ಗಟ್ಟಿ ನೆಲದಲ್ಲಿ ಇಡಿ.
ಎರಡೂ ಬದಿ ದಿಮ್ಮಿ ಕೊಟ್ಟು ಉರುಳದಂತೆ ನಿಲ್ಲಿಸಿ.
ಬ್ಯಾಟರಿಯನ್ನು ಮೊದಲು ತೆಗೆಯಿರಿ.
ಎಂಜಿನ್ನಿನ ಎಣ್ಣೆಯನ್ನು ಡಬ್ಬಿಗೆ ಇಳಿಸಿ.
ಪೈಪು ಕಳಚಿ ಟ್ಯಾಂಕನ್ನು ಇಡಿಯಾಗಿ ಹೊರಗೆ ತೆಗೆಯಿರಿ.
ಮುಚ್ಚಿದ ಗಾಳಿಪೆಟ್ಟಿಗೆಗೆ ಕೈಡ್ರಿಲ್ಲಿನಿಂದ ಮೇಲೊಂದು, ಕೆಳಗೊಂದು ತೂತು ಕೊರೆಯಿರಿ. ತೂತಿಲ್ಲದ ಪೆಟ್ಟಿಗೆ ಕಾಯ್ದರೆ ಸಿಡಿಯುತ್ತದೆ.
ಕತ್ತರಿಸುವ ಗೆರೆಯುದ್ದಕ್ಕೂ ಬಣ್ಣ ಕೆರೆದು ತೆಗೆಯಿರಿ; ಹಳೇ ಬಣ್ಣದಲ್ಲಿ ಸೀಸ ಇರಬಹುದು.
ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗಿಯಿರಿ.
ಗ್ಯಾಸ್ ಪೈಪಿಗೆ ಸೋಪುನೀರು ಹಚ್ಚಿ ಸೋರಿಕೆ ನೋಡಿ.
ಬೆಂಕಿ ಹಿಂದಕ್ಕೆ ಓಡದಂತೆ ಎರಡೂ ಪೈಪಿಗೆ ತಡೆವಾಲ್ವ್ ಹಾಕಿ.
ಕನ್ನಡಕ, ಚರ್ಮದ ಕೈಗವಸು, ಬೂಟು ಹಾಕಿಕೊಳ್ಳಿ.
ಒಬ್ಬನನ್ನು ನೀರಿನ ಬಕೆಟ್ಟಿನೊಂದಿಗೆ ಹೊರಗೆ ನಿಲ್ಲಿಸಿ.
ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕಾಯಿರಿ. ಹಲಗೆಯ ಸಂದಿನಲ್ಲಿ ಕಿಡಿ ಬದುಕಿರುತ್ತದೆ.
ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಿ, 108ಕ್ಕೆ ಫೋನ್ ಮಾಡಿ.

ಮಾಡಬಾರದ್ದು

ಟ್ಯಾಂಕಿಗೆ ಗ್ಯಾಸ್ ಟಾರ್ಚ್ ಹಿಡಿಯಬಾರದು. ಬಗ್ಗಿಸಿ ಸುರಿದರೂ ತಳದ ಮೂಲೆಯಲ್ಲಿ, ಸಿಪ್ಪೆಯಂತೆ ಎದ್ದ ತುಕ್ಕಿನ ಅಡಿಗೆ, ಅರ್ಧ ಲೋಟ ಡೀಸೆಲ್ ಕೂತಿರುತ್ತದೆ. ಬಿಸಿ ತಾಗಿದರೆ ಆವಿಯಾಗುತ್ತದೆ, ಟ್ಯಾಂಕು ಬಾಂಬಿನಂತೆ ಒಡೆಯುತ್ತದೆ. ಮೂಗಿಗೆ ವಾಸನೆ ಬರಲಿಲ್ಲವೆಂದು ಟ್ಯಾಂಕು ಖಾಲಿ ಎಂದುಕೊಳ್ಳುವುದು ಬೇಡ.
ಬಹಳ ದಿನ ಮುಚ್ಚಿದ್ದ ಕಬ್ಬಿಣದ ಕೋಣೆಗೆ ತಲೆ ಹಾಕುವುದು ಬೇಡ. ತುಕ್ಕು ಒಳಗಿನ ಆಮ್ಲಜನಕವನ್ನು ತಿಂದಿರುತ್ತದೆ.
ಬಿದ್ದವನನ್ನು ಎತ್ತಲು ಹಿಂದೆಯೇ ಇಳಿಯಬಾರದು, ಇಬ್ಬರೂ ಸಾಯುತ್ತೀರಿ.
ಆಮ್ಲಜನಕದ ರೆಗ್ಯುಲೇಟರನ್ನು ಎಣ್ಣೆಗೈಯಲ್ಲಿ ಮುಟ್ಟಬಾರದು.
ಗಾಳಿಗೆಂದು ಕೋಣೆಯೊಳಗೆ ಆಮ್ಲಜನಕ ಬಿಡಬಾರದು. ಬಟ್ಟೆ ಹತ್ತಿಕೊಂಡರೆ ಆರಿಸಲಾಗದು.
ಸಿಲಿಂಡರನ್ನು ನೆಲದ ಮೇಲೆ ಉರುಳಿಸುವುದು ಬೇಡ.
ಫೈಬರ್ ದೋಣಿಯನ್ನು, ಅದರ ಥರ್ಮಕೋಲನ್ನು ಸುಡಬಾರದು.
ತಳದ ಎಣ್ಣೆನೀರನ್ನು ಹೊಳೆಗೆ ಚೆಲ್ಲಬಾರದು.
ಕತ್ತರಿಸಿದ ಭಾಗ ತೂಗುತ್ತಿರುವಾಗ ಅದರ ಕೆಳಗೆ ನಿಲ್ಲಬಾರದು.
ಮಕ್ಕಳನ್ನು ಮೊಳೆ ಆರಿಸಲು ಬಿಡಬಾರದು.
ತೂತು ಬಿದ್ದ ತಳಕ್ಕೆ ತಗಡು ಬಡಿದು ಮಾರುವುದು ಬೇಡ. ನಾಲ್ಕು ಕಾಸು ಹೆಚ್ಚು ಸಿಕ್ಕೀತು. ಕೊಂಡವನು ಮನೆಮಂದಿಯನ್ನೆಲ್ಲ ಅದರಲ್ಲಿ ಹತ್ತಿಸುತ್ತಾನೆ.
ಅರ್ಧ ಒಡೆದ ದೋಣಿಯನ್ನು ದಂಡೆಯಲ್ಲಿ ಬಿಟ್ಟು ಹೋಗಬಾರದು. ತಳವನ್ನು ಅಡ್ಡಕ್ಕೆ ಎರಡು ತುಂಡು ಮಾಡಿದ ಮೇಲೆಯೇ ಮನೆಗೆ ಹೋಗಿ.